ಮೂಲಂಗಿ ಪಾಸಾತೇನವಾ?

ಪಿಎಚ್‌ಡಿಯ ನಾಲ್ಕು ವರ್ಷದಲ್ಲಿ ನನ್ನನ್ನು ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ ಇದು. ಗೈಡ್ ಕೇಳಿದ್ದಲ್ಲ, ಆರು ತಿಂಗಳಿಗೊಮ್ಮೆ ಪ್ರಗತಿ ನೋಡುವ ಕಮಿಟಿಯವರು ಕೇಳಿದ್ದೂ ಅಲ್ಲ. ಹುಬ್ಬಳ್ಳಿ ಹೊರಗೆ ನಾಲಾದ ಪಕ್ಕ ಎರಡೂವರೆ ಎಕರೆಯಲ್ಲಿ ಮೂಲಂಗಿ, ಮೆಂತ್ಯ, ಪಾಲಕ್ ಬೆಳೆಯುವ ಒಬ್ಬ ಕಾಕಾ ಕೇಳಿದ್ದು. ನಾನು ತಿಂಗಳಿಗೊಮ್ಮೆ ಹೋಗಿ ಲ್ಯಾಬಿನ ಪರೀಕ್ಷೆಗೆ ಅಂತ ಒಂದಿಷ್ಟು ಮಣ್ಣು, ನಾಲ್ಕಾರು ಬಾಟಲಿ ನೀರು, ಒಂದು ಕಟ್ಟು ಮೂಲಂಗಿ ತರುತ್ತಿದ್ದೆ. ಮುಂದಿನ ತಿಂಗಳು ಹೋದರೆ ಅವರು ಒಡ್ಡಿನ ಮೇಲೆ ಕೂತಲ್ಲಿಂದಲೇ ಕೂಗುತ್ತಿದ್ದರು, “ನನ್ನ ಮೂಲಂಗಿ ಪಾಸಾತೇನವಾ?”

“ಇನ್ನೂ ಇಲ್ರಿ ಕಾಕಾ, ನೋಡಾಕತ್ತೇವಿ.”

“ಎಷ್ಟ ವರ್ಷದ ಪರೀಕ್ಷೆ ಇದು, ಮಾರಾಯ್ತಿ!”

ಮೊನ್ನೆ ನಮ್ಮೂರ ಕಡೆಯ ಒಬ್ಬಳು ಹುಡುಗಿ ಮೆಸೇಜ್ ಮಾಡಿದ್ದಳು. ಎಂಎಸ್ಸಿ ಮುಗೀತಂತೆ. ಅಕ್ಕಾ, ಅನ್ವಯಿಕ ಜೀವವಿಜ್ಞಾನ ಮತ್ತು ಪರಿಸರ ಸಂರಕ್ಷಣೆಯಲ್ಲಿ ಪಿಎಚ್‌ಡಿಗೆ ಅರ್ಜಿ ಹಾಕಲಾ ಅಂತ. ಅವಳಿಗೆ ಎರಡು ಸಾಲು ಉತ್ತರ ಬರೆಯೋಕೆ ಕೂತೆ, ಆಗಲಿಲ್ಲ. ಅದಕ್ಕೇ ಈ ಪೋಸ್ಟ್. ಉದ್ದ ಆಗುತ್ತದೆ, ಚಹಾ ಇಟ್ಟುಕೊಂಡು ಓದಿ.

ಮೊದಲು ನಿಯಮಗಳ ವಿಷಯ ಬೇಗ ಮುಗಿಸುತ್ತೇನೆ, ಯಾಕಂದರೆ ಎಲ್ಲರೂ ಅದನ್ನೇ ಕೇಳುತ್ತಾರೆ. ಕಡಿಮೆ ಅಂದರೆ ಮೂರು ವರ್ಷ, ಜಾಸ್ತಿ ಅಂದರೆ ಆರು. ಹೆಣ್ಣುಮಕ್ಕಳಿಗೆ ಇನ್ನೂ ಎರಡು ವರ್ಷ ಕೊಡುತ್ತಾರೆ, 240 ದಿನ ಹೆರಿಗೆ ರಜೆಯೂ ಇದೆ. ಶುರುವಿಗೆ ಕೋರ್ಸ್‌ವರ್ಕ್, ಅಂದರೆ ಮತ್ತೆ ತರಗತಿ, ಮತ್ತೆ ಪರೀಕ್ಷೆ. ನಾನು ಸೇರಿದ್ದು 2021ರಲ್ಲಿ, ಆಗ ಥೀಸಿಸ್ ಕೊಡೋಕೆ ಮುಂಚೆ ಒಂದು ಸಂಶೋಧನಾ ಪೇಪರ್ ಅಚ್ಚಾಗಿರಲೇಬೇಕು ಅಂತ ಇತ್ತು. 2022ರ ನವೆಂಬರ್‌ನಲ್ಲಿ ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿ ಹೊಸ ನಿಯಮ ತಂದು ಆ ಕಡ್ಡಾಯ ತೆಗೆದುಹಾಕಿತು. ಆದರೆ ನನ್ನಂಥ ಹಳಬರಿಗೆ ಹಳೆಯ ನಿಯಮವೇ. ಇನ್ನು ದುಡ್ಡು. ಜೆಆರ್‌ಎಫ್ ಅನ್ನೋ ಸಂಶೋಧನಾ ಫೆಲೋಶಿಪ್ ಸಿಕ್ಕರೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ನನಗೆ ಸಿಗಲಿಲ್ಲ. ನನಗಿದ್ದದ್ದು ಬೇರೆ ಒಂದು ಸಣ್ಣ ಸ್ಟೈಪೆಂಡು, ಅದೂ ಒಮ್ಮೆ ಹನ್ನೊಂದು ತಿಂಗಳು ಬರಲೇ ಇಲ್ಲ. ಸಂಜೆ ಹತ್ತನೇ ತರಗತಿ ಮಕ್ಕಳಿಗೆ ಟ್ಯೂಷನ್ ಹೇಳಿ ರೂಮ್ ಬಾಡಿಗೆ ಕಟ್ಟಿದೆ. ಯಾವ ಆಫೀಸು, ಯಾರ ಟೇಬಲ್ಲು ಅಂತ ಇಲ್ಲಿ ಬರೆಯಲ್ಲ, ಆ ಸಿಟ್ಟು ಈಗ ಇಳಿದಿದೆ. ಅಷ್ಟು ಸಾಕು ಅದರ ಬಗ್ಗೆ.

ನನ್ನ ವಿಷಯ ಗಟಾರದ ನೀರು. ಹೆಸರು ಹೀಗೆ ಹೇಳಿದರೆ ಗೈಡ್‌ಗೆ ಸಿಟ್ಟು ಬರುತ್ತದೆ, ಥೀಸಿಸ್ ಮೇಲೆ ಎರಡೂವರೆ ಸಾಲಿನ ಹೆಸರಿದೆ. ಆದರೆ ವಿಷಯ ಅದೇ. ಉಣಕಲ್ ಕೆರೆಯಿಂದ ಹೊರಬೀಳುವ ನೀರು ನಾಲಾ ಆಗಿ ಹುಬ್ಬಳ್ಳಿ ಊರೊಳಗೆ ಹಾಯ್ದು, ದಾರಿಯಲ್ಲಿ ಊರ ಬಚ್ಚಲು, ಗ್ಯಾರೇಜು, ಹೋಟೆಲ್ಲು ಎಲ್ಲದರ ನೀರನ್ನೂ ಸೇರಿಸಿಕೊಂಡು ಕಲಘಟಗಿ ಕಡೆ ಹೋಗಿ ಬೇಡ್ತಿ ಹೊಳೆಗೆ ಸೇರುತ್ತದೆ. ಅದೇ ಬೇಡ್ತಿ ಯಲ್ಲಾಪುರದ ಹತ್ತಿರ ಮಾಗೋಡಿನಲ್ಲಿ ಜಲಪಾತ ಆಗಿ ಧುಮುಕುತ್ತದೆ, ನಾವು ಅಲ್ಲಿ ಹೋಗಿ ಸೆಲ್ಫಿ ತೆಗೆದುಕೊಳ್ಳುತ್ತೇವೆ. ಮುಂದೆ ಗಂಗಾವಳಿ ಅನ್ನಿಸಿಕೊಂಡು ಅಂಕೋಲಾದ ಕಡೆ ಸಮುದ್ರ ಸೇರುತ್ತದೆ. ನಮ್ಮ ಮೋರಿಯಿಂದ ಸಮುದ್ರದವರೆಗೆ ಒಂದೇ ನೀರು.

ಈ ನಾಲಾದ ಉದ್ದಕ್ಕೂ ರೈತರು ಪಂಪ್ ಇಟ್ಟು ಹೊಲಕ್ಕೆ ನೀರು ಎತ್ತುತ್ತಾರೆ. ಹೊಸ ವಿಷಯ ಏನಲ್ಲ, ಹುಬ್ಬಳ್ಳಿ-ಧಾರವಾಡದ ಈ ಗಟಾರ ಬೇಸಾಯದ ಬಗ್ಗೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದವರೂ ಹೊರದೇಶದವರೂ ಸೇರಿ ಇಪ್ಪತ್ತು ವರ್ಷಕ್ಕೂ ಹಿಂದೆಯೇ ಕೆಲಸ ಮಾಡಿದ್ದಾರೆ. ನಾನು ಹೋಗುತ್ತಿದ್ದ ಊರಿನ ಹೆಸರು ಮಾತ್ರ ಹೇಳಲ್ಲ. ಹೇಳಿದರೆ ನಾಳೆಯಿಂದ ಆ ಊರಿನ ಸೊಪ್ಪನ್ನು ಯಾರೂ ಮುಟ್ಟಲ್ಲ, ಪಕ್ಕದ ಊರಿನ ಅದೇ ನೀರಿನ ಸೊಪ್ಪನ್ನು ಮಾತ್ರ ಖುಷಿಯಿಂದ ತಿನ್ನುತ್ತೀರಿ.

ಮೊದಲ ದಿನ ನೆನಪಿದೆ. ಬೆಳಿಗ್ಗೆ ಆರೂವರೆ. ನೀರಿನಲ್ಲಿ ಆಮ್ಲಜನಕ ಎಷ್ಟಿದೆ ಅಂತ ನೋಡೋದು ಅಲ್ಲೇ ದಂಡೆಯ ಮೇಲೆ ಶುರುವಾಗುತ್ತದೆ, ಬಾಟಲಿ ಲ್ಯಾಬಿಗೆ ತರುವವರೆಗೆ ಕಾಯೋ ಹಾಗಿಲ್ಲ. ಗಾಜಿನ ಬಾಟಲಿಗೆ ಒಂದು ಗುಳ್ಳೆಯೂ ಉಳಿಯದ ಹಾಗೆ ನೀರು ತುಂಬಬೇಕು, ಪಿಪೆಟ್ ತುದಿಯನ್ನು ಒಳಗೆ ಇಳಿಸಿ ಮ್ಯಾಂಗನೀಸ್ ಸಲ್ಫೇಟ್ ಬಿಡಬೇಕು, ಆಮೇಲೆ ಕ್ಷಾರ ಅಯೋಡೈಡ್, ಮುಚ್ಚಳ ಹಾಕಿ ಮೇಲೆ ಕೆಳಗೆ ತಿರುಗಿಸಬೇಕು. ನೀರಿನಲ್ಲಿ ಆಮ್ಲಜನಕ ಇದ್ದರೆ ಕೆಂಪು ಚಹಾದ ಗಸಿಯಂಥ ಕಂದು ಬಣ್ಣ ಕೆಳಗೆ ಕೂರುತ್ತದೆ. ಇಲ್ಲದಿದ್ದರೆ ಬಿಳಿ. ಎಂಎಸ್ಸಿಯಲ್ಲಿ ನಲ್ಲಿ ನೀರು, ಕೆರೆ ನೀರು ಇಟ್ಟುಕೊಂಡು ನೂರು ಸಲ ಮಾಡಿದ್ದೆ, ಪ್ರತಿ ಸಲವೂ ಕಂದು. ಬಿಳಿಯನ್ನು ಪುಸ್ತಕದಲ್ಲಿ ಓದಿದ್ದು ಬಿಟ್ಟರೆ ಕಣ್ಣಾರೆ ಕಂಡಿರಲಿಲ್ಲ. ಅವತ್ತು ಬಾಟಲಿ ತಿರುಗಿಸುತ್ತಿದ್ದ ಹಾಗೇ ಒಳಗೆ ಬೆಳ್ಳಗೆ ಒಡೆಯಿತು. ಕಾಕಾ ಹಿಂದೆ ಬಂದು ನಿಂತಿದ್ದರು. “ಮಜ್ಜಿಗಿ ಆತಲ್ಲವಾ!” ಅಂದರು.

ಮೀನು ಬದುಕಬೇಕು ಅಂದರೆ ಲೀಟರಿಗೆ 4 ಮಿಲಿಗ್ರಾಂ ಆದರೂ ಆಮ್ಲಜನಕ ಇರಬೇಕು ಅನ್ನೋದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಲೆಕ್ಕ. ಇಲ್ಲಿ ಮಜ್ಜಿಗೆ.

ಬಾಟಲಿಗಳನ್ನೆಲ್ಲ ಮೀನಿನವರ ಹತ್ತಿರ ಕೊಂಡ ಥರ್ಮೋಕೋಲ್ ಡಬ್ಬಿಯಲ್ಲಿ ಐಸ್ ಹಾಕಿ, ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಧಾರವಾಡದ ಲ್ಯಾಬಿಗೆ ತರೋದು. ಸ್ಟೇಷನ್ ಗೇಟಿನಲ್ಲಿ ಒಬ್ಬರು ಡಬ್ಬಿಯಲ್ಲಿ ಏನ್ರಿ ಅಂತ ತಡೆದರು. ನೀರು ಅಂದೆ. ಎಂಥ ನೀರು? ಗಟಾರದ್ದು. ಅವರು ನನ್ನ ಮುಖ ನೋಡಿದರು, ಡಬ್ಬಿ ನೋಡಿದರು, ಕೈ ಮಾಡಿ ಬಿಟ್ಟುಬಿಟ್ಟರು. ಮುಂದಿನ ತಿಂಗಳಿಂದ ಅವರೇ ದೂರದಿಂದ ನೋಡಿ ದಾರಿ ಬಿಡುತ್ತಿದ್ದರು.

ಲ್ಯಾಬಿನ ಕಥೆ ಹೇಳಿದರೆ ಮುಗಿಯೋದಿಲ್ಲ. ಬಿಒಡಿ ಅಂತ ಒಂದು ಪರೀಕ್ಷೆ ಇದೆ, ನೀರಿನೊಳಗಿನ ಹೊಲಸನ್ನು ತಿಂದು ಮುಗಿಸೋಕೆ ಸೂಕ್ಷ್ಮಜೀವಿಗಳಿಗೆ ಎಷ್ಟು ಆಮ್ಲಜನಕ ಬೇಕಾಯ್ತು ಅಂತ ಅಳೆಯೋದು. ಬಾಟಲಿಯನ್ನು 20 ಡಿಗ್ರಿಯಲ್ಲಿ ಐದು ದಿನ ಕತ್ತಲೆಯಲ್ಲಿಡಬೇಕು. ಯಾಕೆ ಐದೇ ದಿನ ಅಂತ ನನಗೆ ಎಂಎಸ್ಸಿಯಲ್ಲಿ ಯಾರೂ ಹೇಳಿರಲಿಲ್ಲ. ಆಮೇಲೆ ಓದಿದೆ. ನೂರು ವರ್ಷದ ಹಿಂದೆ ಬ್ರಿಟನ್ನಿನಲ್ಲಿ ಗಟಾರದ ನೀರಿಗೆ ಅಂತಲೇ ಒಂದು ರಾಯಲ್ ಕಮಿಷನ್ ಇತ್ತು, 1912ರ ವರದಿಯಲ್ಲಿ ಅವರು ಐದು ದಿನ ಅಂತ ಹಿಡಿದರು, ಯಾಕಂದರೆ ಅಲ್ಲಿನ ಹೊಳೆಗಳ ನೀರು ಸಮುದ್ರ ಸೇರೋಕೆ ಅದಕ್ಕಿಂತ ಜಾಸ್ತಿ ದಿನ ಬೇಡವಂತೆ. ಅವರ ಹೊಳೆ, ಅವರ ಚಳಿ, ನಮ್ಮ ನಾಲಾ. ಈಗ ನಮ್ಮ ದೇಶದ ಮಾನಕದಲ್ಲಿ 27 ಡಿಗ್ರಿಯಲ್ಲಿ ಮೂರು ದಿನ ಅಂತ ಮಾಡಿಕೊಂಡಿದ್ದೇವೆ, ಆದರೂ ಹಳೆಯ ಪೇಪರುಗಳ ಜೊತೆ ಹೋಲಿಸಬೇಕು ಅಂತ ನಾನು ಎರಡನ್ನೂ ಮಾಡಿದೆ. ಮಂಗಳವಾರ ಇಟ್ಟರೆ ಐದನೇ ದಿನ ಭಾನುವಾರ ಬರುತ್ತದೆ, ಲ್ಯಾಬಿನ ಕೀಲಿ ಇರುವವರು ಊರಿಗೆ ಹೋಗಿರುತ್ತಾರೆ. ಈ ಬುದ್ಧಿ ಬರೋಕೆ ನನಗೆ ಎರಡು ಭಾನುವಾರ ಬೇಕಾಯ್ತು. ಒಮ್ಮೆ ರಾತ್ರಿಯೆಲ್ಲ ಕರೆಂಟ್ ಹೋಗಿ ಇನ್‌ಕ್ಯುಬೇಟರ್ ಬೆಚ್ಚಗಾಗಿ ಒಂದು ತಿಂಗಳ ಲೆಕ್ಕವೇ ಹೋಯ್ತು. ಥೀಸಿಸ್‌ನಲ್ಲಿ ಆ ತಿಂಗಳ ಜಾಗದಲ್ಲಿ ಒಂದು ಗೆರೆ ಇದೆ ಅಷ್ಟೇ.

ಭಾರಲೋಹ ನೋಡೋ ಯಂತ್ರ ಇನ್ನೊಂದು. ಅದರಲ್ಲಿ ಪ್ರತಿ ಲೋಹಕ್ಕೂ ಬೇರೆ ಬೇರೆ ದೀಪ. ಸೀಸಕ್ಕೆ ಒಂದು, ಕ್ಯಾಡ್ಮಿಯಂಗೆ ಒಂದು. ನಮ್ಮ ಕ್ಯಾಡ್ಮಿಯಂ ದೀಪ ಸುಟ್ಟುಹೋಯ್ತು, ಹೊಸದು ತರಿಸೋಕೆ ಕೊಟೇಷನ್, ಸಹಿ, ಮತ್ತೆ ಕೊಟೇಷನ್, ಏಳು ತಿಂಗಳು. ಅದಕ್ಕೇ ತಂಗಿ, ಪಿಎಚ್‌ಡಿ ಸೇರೋಕೆ ಮುಂಚೆ ಗೈಡ್ ಹೇಗೆ ಅಂತ ಕೇಳು, ಹೌದು. ಆದರೆ ಅಲ್ಲಿ ಓದುತ್ತಿರುವವರನ್ನು ಪಕ್ಕಕ್ಕೆ ಕರೆದು ಯಾವ ಯಂತ್ರ ನಡೆಯುತ್ತಿದೆ, ಯಾವುದಕ್ಕೆ ಬಟ್ಟೆ ಮುಚ್ಚಿದ್ದಾರೆ ಅಂತ ಕೇಳೋದನ್ನ ಮರೀಬೇಡ. ಮತ್ತೆ ಹೊಲವೋ ಕೆರೆಯೋ ಕಾಡೋ, ಕೆಲಸದ ಜಾಗ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದಲ್ಲಿರಲಿ. ನನ್ನ ಜೊತೆಯವನೊಬ್ಬ ಮಾಗಡಿ ಕೆರೆಯ ಪಟ್ಟೆತಲೆ ಹೆಬ್ಬಾತುಗಳ ಮೇಲೆ ಮಾಡುತ್ತಿದ್ದಾನೆ, ಶಿರಹಟ್ಟಿ ತಾಲೂಕು. ಹಕ್ಕಿ ಹಿಮಾಲಯ ದಾಟಿ ಚಳಿಗಾಲಕ್ಕೆ ಸರಿಯಾಗಿ ಬಂದಿಳಿಯುತ್ತದೆ, ಇವನಿಗೆ ಬೆಳಗಿನ ಬಸ್ಸು ಸಿಗಲ್ಲ. 2024ರಲ್ಲಿ ಆ ಕೆರೆ ರಾಮ್ಸರ್ ಅನ್ನೋ ಅಂತರರಾಷ್ಟ್ರೀಯ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದ ದಿನ ನಮಗೆಲ್ಲ ಮಿರ್ಚಿ ಭಜಿ ಕೊಡಿಸಿದ, ತಾನೇ ಸೇರಿಸಿದವನ ಹಾಗೆ.

ಈಗ ಮೂಲಂಗಿಗೆ ಬರೋಣ.

ಮೊದಲ ವರ್ಷ ನಾನು ಹೊಲಕ್ಕೆ ಹೋಗಿದ್ದು ತೀರ್ಪು ಮೊದಲೇ ಬರೆದಿಟ್ಟುಕೊಂಡು. ಗಟಾರದ ನೀರು, ಅಂದರೆ ವಿಷ, ಅಂದರೆ ಪಂಪ್ ಬಂದ್ ಮಾಡಿಸಬೇಕು. ಸಂರಕ್ಷಣೆ ಅಂದರೆ ಅದೇ ಅಂತ ತಿಳಿದಿದ್ದೆ. ಒಂದು ದಿನ ಕಾಕಾಗೆ ಹಾಗೇ ಅಂದೂಬಿಟ್ಟೆ. ಅವರು ಸಿಟ್ಟಾಗಲಿಲ್ಲ. “ಬಂದ್ ಮಾಡು. ಮತ್ತ ಬೇಸಿಗ್ಯಾಗ ನೀರ ಯಾರ ಕೊಡ್ತಾರ? ನೀ ಕೊಡ್ತೀಯೇನು? ಈ ನೀರಿಗೆ ಗೊಬ್ಬರಾನೂ ಬೇಕಾಗಿಲ್ಲ” ಅಂದರು. ರೂಮಿಗೆ ಬಂದು ಲೆಕ್ಕ ಹಾಕಿದೆ. ಗಟಾರದ ನೀರಿನಲ್ಲಿ ಲೀಟರಿಗೆ 30 ಮಿಲಿಗ್ರಾಂ ಸಾರಜನಕ ಇದೆ ಅಂತ ಹಿಡಿಯಿರಿ, ಜಾಸ್ತಿ ಏನಲ್ಲ ಅದು. ಒಂದು ಎಕರೆಗೆ ಒಂದು ಇಂಚು ನೀರು ಹಾಯಿಸಿದರೆ ಒಂದು ಲಕ್ಷ ಲೀಟರ್ ದಾಟುತ್ತದೆ. ಅಂದರೆ ಮೂರು ಕಿಲೋ ಸಾರಜನಕ, ಯೂರಿಯಾ ಲೆಕ್ಕದಲ್ಲಿ ಆರೂವರೆ ಕಿಲೋ. ಏಳು ಸಲ ನೀರು ಹಾಯಿಸಿದರೆ 45 ಕಿಲೋದ ಒಂದು ಚೀಲ ಯೂರಿಯಾ ಪುಕ್ಕಟೆ. ಕಾಕಾ ಕ್ಯಾಲ್ಕ್ಯುಲೇಟರ್ ಇಲ್ಲದೆ ಹೇಳಿದ್ದು ಸರಿಯೇ ಇತ್ತು.

ಲೋಹದ ಲೆಕ್ಕವೂ ನಾನಂದುಕೊಂಡ ಹಾಗೆ ಬರಲಿಲ್ಲ. ಕೋಡೆಕ್ಸ್ ಅನ್ನೋ ಅಂತರರಾಷ್ಟ್ರೀಯ ಆಹಾರ ಮಾನಕದ ಮಿತಿ ಪ್ರಕಾರ ಸೀಸ ಎಲೆ ತರಕಾರಿಯಲ್ಲಿ ಕಿಲೋಗೆ 0.3 ಮಿಲಿಗ್ರಾಂ, ಬೇರಿನ ತರಕಾರಿಯಲ್ಲಿ 0.1 ದಾಟಬಾರದು. ಕಾಕಾನ ಮೂಲಂಗಿ ದಾಟಲಿಲ್ಲ. ಎರೆ ಮಣ್ಣಿನ ಗುಣ ಅದು. ಜಿಗುಟು, ಸ್ವಲ್ಪ ಕ್ಷಾರ, ಬಂದ ಲೋಹವನ್ನು ಹಿಡಿದಿಟ್ಟುಕೊಳ್ಳುತ್ತದೆ, ಬೇರಿಗೆ ಸುಲಭಕ್ಕೆ ಬಿಡಲ್ಲ. ಹಿಡಿದಿಟ್ಟುಕೊಂಡದ್ದು ಎಲ್ಲೂ ಹೋಗಲ್ಲ ಅನ್ನೋದೂ ನಿಜ, ಮಣ್ಣಿನಲ್ಲಿ ವರ್ಷ ವರ್ಷ ಕೂಡುತ್ತಲೇ ಇರುತ್ತದೆ. ಆದರೆ ಇವತ್ತಿನ ಮೂಲಂಗಿಯ ಮಟ್ಟಿಗೆ ಲೋಹ ದೊಡ್ಡ ಚಿಂತೆ ಅಲ್ಲ.

ಕ್ರಿಮಿ ದೊಡ್ಡ ಚಿಂತೆ. ಅದನ್ನು ಎಣಿಸೋದು ಹೀಗೆ: ಸಾರಿನಂಥ ದ್ರವ ಇರುವ ಟ್ಯೂಬ್‌ಗಳೊಳಗೆ ಬೋರಲಾಗಿ ಒಂದು ಪುಟ್ಟ ಕೊಳವೆ ಇರುತ್ತದೆ. ನೀರು ಹಾಕಿ 48 ತಾಸು ಬೆಚ್ಚಗೆ ಇಟ್ಟರೆ, ಮಲದ ಜೊತೆ ಬರೋ ಬ್ಯಾಕ್ಟೀರಿಯಾ ಇದ್ದಲ್ಲಿ ಗಾಳಿ ಹುಟ್ಟಿ ಆ ಪುಟ್ಟ ಕೊಳವೆಯಲ್ಲಿ ಗುಳ್ಳೆ ನಿಲ್ಲುತ್ತದೆ. ಎಷ್ಟು ಟ್ಯೂಬಿನಲ್ಲಿ ಗುಳ್ಳೆ ಅಂತ ನೋಡಿ ಕೋಷ್ಟಕದಲ್ಲಿ ಅಂಕಿ ಹುಡುಕೋದು. ಮೊದಲ ಸಲ ನೀರನ್ನು ತೆಳು ಮಾಡದೆ ಹಾಗೇ ಹಾಕಿದ್ದೆ. ಹದಿನೈದಕ್ಕೆ ಹದಿನೈದೂ ಗುಳ್ಳೆ. 100 ಮಿಲಿಲೀಟರಿಗೆ ಎಷ್ಟು ಅಂತ ಕೋಷ್ಟಕದ ಕೊನೆಯ ಸಾಲು ಹೇಳಿದ್ದು “1600 ಅಥವಾ ಅದಕ್ಕಿಂತ ಜಾಸ್ತಿ”. ಎಷ್ಟು ಜಾಸ್ತಿ? ಹತ್ತು ಪಟ್ಟು, ನೂರು ಪಟ್ಟು ಅಂತ ತೆಳು ಮಾಡುತ್ತಾ ಹೋದೆ, ಲಕ್ಷ ಪಟ್ಟು ದಾಟಿದ ಮೇಲೆ ಗುಳ್ಳೆ ಇಲ್ಲದ ಟ್ಯೂಬ್ ಕಂಡಿತು. ಹಸಿ ತಿನ್ನೋ ಬೆಳೆಗೆ ಹಾಯಿಸೋ ನೀರಿನಲ್ಲಿ ಈ ಬ್ಯಾಕ್ಟೀರಿಯಾ 100 ಮಿಲಿಲೀಟರಿಗೆ 1000 ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 1989ರಲ್ಲಿ ಹೇಳಿತ್ತು.

ಹಸಿ ತಿನ್ನೋದು. ಇಲ್ಲಿ ನನಗೆ ಊಟದ ತಾಟು ಕಣ್ಣ ಮುಂದೆ ಬಂತು. ಹೊರಗಿನ ಪುಸ್ತಕಗಳು ಹಸಿ ಅಂದಾಗ ಲೆಟ್ಯೂಸ್ ಅನ್ನುತ್ತವೆ. ನಮ್ಮಲ್ಲಿ ಲೆಟ್ಯೂಸ್ ಯಾರು ತಿನ್ನುತ್ತಾರೆ? ಆದರೆ ರೊಟ್ಟಿ ಜೊತೆ ಹಸಿ ಮೆಂತ್ಯ, ಹಕ್ಕರಕಿ, ಮೂಲಂಗಿ, ಅದರ ಎಲೆಯೂ ಸೇರಿ, ಮೇಲೆ ಒಂದಿಷ್ಟು ಗುರೆಳ್ಳು ಪುಡಿ, ಪಚಡಿ. ಉತ್ತರ ಕರ್ನಾಟಕದ ಯಾವ ಮನೆಯಲ್ಲಿ ಇಲ್ಲ? ಕುದಿಸಿ ತಿನ್ನೋ ಊರಿಗೂ ಹಸಿ ತಿನ್ನೋ ಊರಿಗೂ ಒಂದೇ ಲೆಕ್ಕ ನಡೆಯಲ್ಲ ಅಂತ ಗೈಡ್ ಹತ್ತಿರ ಹೋಗಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ನೆ ಇದ್ದು, “ಈಗ ನಿನ್ನ ಪಿಎಚ್‌ಡಿ ಶುರುವಾಯ್ತು” ಅಂದರು. ಎರಡು ವರ್ಷ ಆಗಿತ್ತು ಆಗ! ನನಗೆ ಅಳು ಬಂತು, ನಿಜ ಹೇಳುತ್ತೇನೆ.

ಇನ್ನೊಂದು ಗೋಜಲು. ಮಣ್ಣಿನೊಳಗಿಂದ ನಾನೇ ಕಿತ್ತು ತಂದ ಮೂಲಂಗಿಯ ಮೇಲೆ ಇದ್ದ ಕ್ರಿಮಿಗಿಂತ ಪೇಟೆಯಲ್ಲಿ ಕೊಂಡ ಅದೇ ಹೊಲದ ಮೂಲಂಗಿಯ ಮೇಲೆ ಜಾಸ್ತಿ ಇತ್ತು. ಕಿತ್ತ ಮೇಲೆ ಒಣಗಿ ಕಡಿಮೆ ಆಗಬೇಕಲ್ವಾ? ಲ್ಯಾಬಿನಲ್ಲಿ ನನ್ನ ಕೈಯೇ ಕೊಳೆ ಅಂದುಕೊಂಡು ಮೂರು ಸಲ ಮತ್ತೆ ಮಾಡಿದೆ. ಅದೇ ಉತ್ತರ.

ಆಮೇಲೆ ಒಂದು ದಿನ ಬಸ್ ತಪ್ಪಿ ಸಂಜೆಯವರೆಗೆ ಹೊಲದಲ್ಲೇ ಉಳಿದೆ. ಅಲ್ಲಿಯವರೆಗೆ ನಾನು ಬೆಳಿಗ್ಗೆ ಹೋಗಿ ಒಂಬತ್ತಕ್ಕೆಲ್ಲ ಹೊರಟುಬಿಡುತ್ತಿದ್ದೆ, ಐಸ್ ಕರಗುತ್ತದೆ ಅಂತ. ಸಂಜೆ ನಾಲ್ಕಕ್ಕೆ ಕಾಕಾನ ಮನೆಯವರೆಲ್ಲ ಮೂಲಂಗಿ ಕಿತ್ತರು, ಕಟ್ಟು ಕಟ್ಟಿದರು, ಬುಟ್ಟಿಯಲ್ಲಿ ಹೊತ್ತು ಸೀದಾ ನಾಲಾಕ್ಕೆ ಇಳಿದರು. ಮೊಣಕಾಲುವರೆಗೆ ನೀರಲ್ಲಿ ನಿಂತು, ಗೋಣಿಚೀಲದ ತುಂಡಿನಿಂದ ತಿಕ್ಕಿ ತಿಕ್ಕಿ ತೊಳೆದರು. ಮೂಲಂಗಿ ಹಲ್ಲಿನ ಹಾಗೆ ಬೆಳ್ಳಗಾಯ್ತು. ಎಲೆಯಿಂದ ನೀರು ತೊಟ್ಟಿಕ್ಕುತ್ತಿದ್ದ ಹಾಗೇ ಟಂಟಂ ಏರಿತು, ಬೆಳಗಿನ ಪೇಟೆಗೆ.

ಎರಡು ವರ್ಷ ನಾನು ಇದನ್ನು ನೋಡಿರಲಿಲ್ಲ. ಕೇಳಿಯೂ ಇರಲಿಲ್ಲ. ನನ್ನ ಪ್ರಶ್ನಾವಳಿಯಲ್ಲಿ 42 ಪ್ರಶ್ನೆ ಇದ್ದವು, ತೊಳೆಯೋದು ಎಲ್ಲಿ ಅನ್ನೋ ಪ್ರಶ್ನೆ ಇರಲಿಲ್ಲ.

ಮುಂದಿನ ಕೆಲಸವೆಲ್ಲ ಅದರ ಸುತ್ತಲೇ ನಡೆಯಿತು. ನಾಲಾದ ನೀರನ್ನು ನೇರ ಎತ್ತುವ ಬದಲು ಹೊಲದ ಮೂಲೆಯಲ್ಲಿ ಹೊಂಡ ತೋಡಿ ನಿಲ್ಲಿಸಿದರೆ ಜಂತುಹುಳದ ಮೊಟ್ಟೆ ಭಾರಕ್ಕೆ ಕೆಳಗೆ ಕೂರುತ್ತವೆ, ಮೇಲಿನ ನೀರು ಎತ್ತಬಹುದು. ಕೀಳೋಕೆ ಮುಂಚೆ ಕೆಲವು ದಿನ ನೀರು ಹಾಯಿಸೋದನ್ನ ಬಿಟ್ಟರೆ ಬಿಸಿಲೇ ಕ್ರಿಮಿ ಕೊಲ್ಲುತ್ತದೆ. ಇದು ನಾನು ಕಂಡುಹಿಡಿದಿದ್ದಲ್ಲ, ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ತನ್ನ ಹಳೆಯ ಒಂದೇ ಅಂಕಿಯನ್ನು ಬಿಟ್ಟು, ಹೊಲದಿಂದ ತಾಟಿನವರೆಗೆ ಹೀಗೆ ಹೆಜ್ಜೆ ಹೆಜ್ಜೆಗೆ ತಡೆ ಹಾಕಿ ಅಂತಲೇ ಹೇಳಿದೆ. ಆದರೆ ತೊಳೆಯೋ ಹೆಜ್ಜೆಯಲ್ಲೇ ಮತ್ತೆ ನಾಲಾಕ್ಕೆ ಇಳಿದರೆ ಹಿಂದಿನದೆಲ್ಲ ನೀರಲ್ಲಿ ಹೋಮ. ಆ ನೀರು ಹಾಯಿಸಿದ ಹಸಿ ಮಣ್ಣಿನಲ್ಲಿ ಬರಿಗಾಲಲ್ಲಿ ಓಡಾಡೋರಿಗೆ ಕೊಕ್ಕೆಹುಳ ಬೇರೆ.

ನಮ್ಮ ಕಡೆ ಪರಿಸರದ ಕೆಲಸ ಜನ ಮಣ್ಣಿಗಿಳಿದು ಮಾಡಿದ್ದು ಜಾಸ್ತಿ, ಇದನ್ನು ನನಗೆ ಕೋರ್ಸ್‌ವರ್ಕ್‌ನಲ್ಲಿ ಯಾರೂ ಕಲಿಸಲಿಲ್ಲ. 1987ರ ನವೆಂಬರ್ 14ರಂದು ಈಗಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ಹಚ್ಚಿದರು. ಕಿತ್ತಿಕೊ-ಹಚ್ಚಿಕೊ ಸತ್ಯಾಗ್ರಹ ಅಂತ ಹೆಸರು. ಆ ಹೆಸರಿನಲ್ಲಿ ನನಗೆ ಇಷ್ಟ ಆಗೋದು ಎರಡನೇ ಪದ. ನಾನು ಮೊದಲ ವರ್ಷ ಹೋಗಿದ್ದು ಬರೀ ಕೀಳೋಕೆ.

ಹೋದ ತಿಂಗಳು ಥೀಸಿಸ್ ಕೊಟ್ಟೆ. ಮರುದಿನ ಕಾಕಾನ ಹೊಲಕ್ಕೆ ಹೋದೆ, ಡಬ್ಬಿ ಇಲ್ಲದೆ. ಅವರು ಕೇಳೋಕೆ ಮುಂಚೆ ನಾನೇ ಹೇಳಿದೆ, “ಕಾಕಾ, ಮೂಲಂಗಿ ಪಾಸಾತ್ರಿ. ತೊಳಿಯೂ ನೀರು ಫೇಲು.”

ಅವರು ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. “ಅಂದ್ರ ಭೂಮಿ ಮಾಡಿದ್ದು ಪಾಸು, ನಾ ಮಾಡಿದ್ದು ಫೇಲ್ ಅನ್ನು.”

“ಹಂಗಲ್ರಿ...”

“ಇರಲಿ ಬಿಡು. ಮಣ್ಣ ಹತ್ತಿದ ಮೂಲಂಗಿ ಒಯ್ದ್ರ ದಲಾಲಿ ಮುಟ್ಟೂದಿಲ್ಲ, ಅದನ್ನೂ ಬರದೀಯೇನು ಪುಸ್ತಕದಾಗ?”

ಬರೆದಿರಲಿಲ್ಲ. ಸುಳ್ಳು ಹೇಳೋಕೆ ಬಾಯಿ ಬರಲಿಲ್ಲ.

ಪಕ್ಕದ ಹೊಲದವರ ಬೋರಿನಿಂದ ಪೈಪ್ ಎಳೆಯೋಕೆ ಎಷ್ಟಾಗುತ್ತದೆ, ಅವರು ದಿನಕ್ಕೆ ಒಂದು ತಾಸು ನೀರು ಬಿಡುತ್ತಾರಾ, ಬಿಟ್ಟರೆ ಬದಲಿಗೆ ಏನು ಕೊಡಬೇಕು ಅಂತ ನಾವಿಬ್ಬರೂ ಒಡ್ಡಿನ ಮೇಲೆ ಕೂತು ಮಾತಾಡಿದೆವು. ಮಾತು ನಿಂತದ್ದು ದಿನಕ್ಕೆ ಎರಡು ಕಟ್ಟು ಸೊಪ್ಪು ಅನ್ನೋದಕ್ಕೆ. ಮೊನ್ನೆ ಫೋನ್ ಬಂತು, ಬಾ ಅಂತ. ಹೋದರೆ ಹೊಲದ ಮೂಲೆಯಲ್ಲಿ ನೀಲಿ ಪ್ಲಾಸ್ಟಿಕ್ ಡ್ರಮ್ ಅರ್ಧಕ್ಕೆ ಕೊಯ್ದು ಇಟ್ಟಿದ್ದಾರೆ, ಅದರೊಳಗೆ ಬೋರಿನ ನೀರು. ಕೈಯಲ್ಲಿ ಒಂದು ಕಟ್ಟು ಮೂಲಂಗಿ ಇಟ್ಟು, “ಇವು ಡ್ರಮ್ಮಿನ್ಯಾಗ ತೊಳದದ್ದು, ಒಯ್ದು ನೋಡು” ಅಂದರು.

ಥೀಸಿಸ್ ಕೊಟ್ಟಾಗಿದೆ, ಲ್ಯಾಬಿನಲ್ಲಿ ನನ್ನ ಹೆಸರಿನ ಕಪಾಟನ್ನು ಈಗಾಗಲೇ ಇನ್ನೊಬ್ಬಳಿಗೆ ಕೊಟ್ಟಿದ್ದಾರೆ. ಅವಳ ಹತ್ತಿರ ಬೇಡಿಕೊಂಡು ಹದಿನೈದು ಟ್ಯೂಬ್ ಇಟ್ಟು ಬಂದಿದ್ದೇನೆ. ನಾಳೆ ಬೆಳಿಗ್ಗೆ ಹನ್ನೊಂದಕ್ಕೆ 48 ತಾಸು ಆಗುತ್ತದೆ.